ಅವ್ವನ ಕೆಂಪು ಬಾಳೆ

ಇವತ್ತು ಕಲಬುರಗಿಯ ಮಾರ್ಕೆಟ್‌ನಲ್ಲಿ ಕೆಂಪು ಬಾಳೆಹಣ್ಣಿನ ವಾಸನೆ ಮೂಗಿಗೆ ಬಡಿದದ್ದೇ, ಕಮಲಾಪುರದ ನಮ್ಮ ಹಿತ್ತಲಿಗೆ ಹೋಗಿ ನಿಂತೆ.

ತಂಗಿ ಜ್ವರದಲ್ಲಿ ತೀರಿಕೊಂಡಾಗ ಅವಳನ್ನು ಪೂರ್ವಕ್ಕೆ ಕಾಲು ಮಾಡಿ ಮಣ್ಣು ಮಾಡಿದರು. ಯೇಸುಸ್ವಾಮಿ ಪೂರ್ವ ದಿಕ್ಕಿನಿಂದ ನ್ಯಾಯತೀರ್ಪಿಗೆ ಬರುವ ದಿನ ಸತ್ತವರು ಎದ್ದರೆ, ಮೊದಲು ಅವನ ಮುಖವೇ ಕಾಣಬೇಕಂತೆ. ಅದೇ ವಾರ ಅವ್ವ ಹಿತ್ತಲಲ್ಲಿ ಕೆಂಪು ಬಾಳೆಯ ಕಂದು ನೆಟ್ಟಳು.

"ಅಳಬ್ಯಾಡವ್ವಾ. ಈ ಗೊನಿ ಹಣ್ಣಾಗೂದ್ರಾಗ ಸ್ವಾಮಿ ಬರ್ತಾನ. ನಿನ್ನ ತಂಗಿ ಎದ್ದು ಬಂದು ಮೊದಲನೇ ಹಣ್ಣು ತಿಂತಾಳ" ಎಂದಳು.

ಕೆಂಪು ಬಾಳೆ ಬಲು ನಿಧಾನ. ಶಾಲೆಯಿಂದ ಬಂದವಳೇ ದಿನಾ ಕಾಯಿ ಒತ್ತಿ ನೋಡುತ್ತಿದ್ದೆ. ಕೊನೆಗೆ ಗೊನೆ ಹಣ್ಣಾಯಿತು, ಯಾರೂ ಬರಲಿಲ್ಲ. ಸ್ವಾಮಿಯ ಮೇಲಿನ ಸಿಟ್ಟಿಗೆ ನಾನೇ ಒಂದು ಸುಲಿದು ತಿಂದೆ. ಹಾಳಾದ್ದು, ಸಿಹಿಯಾಗಿತ್ತು. ಅವ್ವ ಒಂದನ್ನೂ ಮುಟ್ಟದೆ ಓಣಿಗೆಲ್ಲ ಹಂಚಿದಳು. ಬುಡದಲ್ಲಿದ್ದ ಹೊಸ ಕಂದಿಗೆ ನೀರು ಹಾಕುತ್ತಾ, "ಮುಂದಿನ ಗೊನಿಗೆ ಬರ್ತಾನ" ಎಂದಳು. ಪ್ರತಿ ಗೊನೆಗೂ ಅದೇ ಮಾತು.

ಹೋದ ತಿಂಗಳು ಅವ್ವನನ್ನೂ ತಂಗಿಯ ಪಕ್ಕದಲ್ಲಿ, ಪೂರ್ವಕ್ಕೆ ಕಾಲು ಮಾಡಿ ಮಲಗಿಸಿ ಬಂದೆವು. ಅದರ ಹಿಂದಿನ ದಿನ ಇಲ್ಲಿ ಕಲಬುರಗಿಯ ಆಸ್ಪತ್ರೆಯಲ್ಲಿ, ಊರಿಗೆ ಹೋಗಿ ಬಾಳೆಗೆ ನೀರು ಹಾಕಿ ಬರಲೇ ಎಂದು ಕೇಳಿದ್ದೆ. ಅವ್ವ ಗೋಡೆಯ ಕಡೆ ಹೊರಳಿದಳು.

"ಬ್ಯಾಡವ್ವಾ. ಒಣಗ್ಲಿ ಬಿಡು."