ಮರಳಿನ ಮೇಲೊಂದು ಜಪಾನಿ ಬಚ್ಚಲು

ನಮ್ಮ ಜಪಾನಿ ಸಾಹೇಬರ ಬಲಗೈ ಹೆಬ್ಬೆರಳಿಗೆ ಉಗುರೇ ಇರಲಿಲ್ಲ. ಉಗುರಿರಬೇಕಾದ ಜಾಗ ಸಿಪ್ಪೆ ಸುಲಿದ ಹುಣಸೆಬೀಜದ ಹಾಗೆ ಬೆಳ್ಳಗೆ, ನುಣ್ಣಗೆ ಹೊಳೆಯುತ್ತಿತ್ತು. ಪೈಪಿನ ವೆಲ್ಡಿಂಗ್ ತಣ್ಣಗಾದ ಮೇಲೆ ಕೈಗವಸು ಕಳಚಿ, ಕಣ್ಣು ಮುಚ್ಚಿ, ಆ ಬೋಳು ಹೆಬ್ಬೆರಳನ್ನು ಜೋಡಣೆಯ ಸುತ್ತ ಒಮ್ಮೆ ಸವರುತ್ತಿದ್ದರು. ಎಕ್ಸ್‌ರೇ ಯಂತ್ರ ಬರುವ ಮೊದಲೇ ತೀರ್ಪು ಆಗಿಬಿಡುತ್ತಿತ್ತು. ಕೆಟ್ಟಿದ್ದರೆ ಹಲ್ಲಿನ ಸಂದಿಯಿಂದ ಸುಸ್ ಅಂತ ಉಸಿರೆಳೆದುಕೊಳ್ಳುವರು. ಚೆನ್ನಾಗಿದ್ದರೆ ಮಾತಿಲ್ಲದೆ ಮುಂದಿನ ಪೈಪಿಗೆ ಹೋಗುವರು. ನನ್ನ ಜೋಡಣೆಗಳ ಮುಂದೆ ಅವರು ಒಮ್ಮೆಯೂ ಉಸಿರೆಳೆದವರಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಏಕೆಂದರೆ ಕಂಡವರೆಲ್ಲ ಈಗ ಒಂದೊಂದು ದಿಕ್ಕಿನಲ್ಲಿದ್ದಾರೆ.

ತೊಂಬತ್ತರ ದಶಕದ ಮಾತು. ದೋಹಾದಿಂದ ಉತ್ತರಕ್ಕೆ, ಸಮುದ್ರದ ದಂಡೆಯಲ್ಲಿ ದೊಡ್ಡದೊಂದು ಅನಿಲ ಘಟಕ ಏಳುತ್ತಿತ್ತು. ನಾನು ವೆಲ್ಡರ್‌ಗಳ ಫೋರ್‌ಮನ್, ಅವರು ತಪಾಸಣೆಯ ಸಾಹೇಬರು. ಅವರ ಇಂಗ್ಲಿಷ್ ಅರ್ಧ, ನನ್ನದು ಅರ್ಧ. ಅದು ಸಾಲದಾದಾಗ ನಾನು ಬಾದಾಮಿ ಕಡೆಯ ಕನ್ನಡ ಸೇರಿಸುತ್ತಿದ್ದೆ, ಅವರು ಜಪಾನಿ ಸೇರಿಸುತ್ತಿದ್ದರು. ಒಂದು ದಿನವೂ ಮಾತು ತಿಳಿಯದೆ ನಿಂತದ್ದಿಲ್ಲ. ನನ್ನ ಮೀಸೆ ಆಗ ಕಿವಿಯ ಹತ್ತಿರ ಹೋಗಿ ವಾಪಸು ಬರುವಷ್ಟಿತ್ತು. ಅದನ್ನು ಏನನ್ನುತ್ತಾರೆಂದು ಕೇಳಿ ತಿಳಿದುಕೊಂಡು ನನ್ನನ್ನು ‘ಮೀಸೆ-ಸಾನ್’ ಎಂದು ಕರೆಯತೊಡಗಿದರು. ಸಾನ್ ಅಂದರೆ ನಮ್ಮ ‘ಅವರೇ’ ಇದ್ದ ಹಾಗೆ.

ಆ ಕ್ಯಾಂಪಿನಲ್ಲಿ ನನ್ನ ಕೀಟಲೆಗೆ ಸಿಗದೆ ಉಳಿದವರಿಲ್ಲ. ಹೊಸದಾಗಿ ಬಂದವರಿಗೆಲ್ಲ ಒಂದು ಕಾನೂನು ಹೇಳಿಕೊಡುತ್ತಿದ್ದೆ: ಒಂಟೆ ರಸ್ತೆ ದಾಟುವಾಗ ಹೆಲ್ಮೆಟ್ ತೆಗೆದು ನಿಲ್ಲಬೇಕು, ಇಲ್ಲದಿದ್ದರೆ ದಂಡ. ಬಿಹಾರದವರು, ಫಿಲಿಪೀನ್ಸಿನವರು, ನಮ್ಮ ವಿಜಯಪುರದವರು, ಎಲ್ಲರೂ ಹೆಲ್ಮೆಟ್ ತೆಗೆದರು. ಒಂದು ದಿನ ನೋಡುತ್ತೇನೆ, ಜಪಾನಿ ಸಾಹೇಬರು ಹೆಲ್ಮೆಟ್ ಎದೆಗೊತ್ತಿಕೊಂಡು ಒಂಟೆಗೆ ಸೊಂಟ ಬಗ್ಗಿಸಿ ನಮಸ್ಕರಿಸುತ್ತಿದ್ದಾರೆ. ಒಂದು ವಾರ ನಾನು ಎದೆ ಉಬ್ಬಿಸಿಕೊಂಡು ತಿರುಗಾಡಿದೆ. ಅವರಿಗೆ ಮೊದಲ ದಿನವೇ ಗೊತ್ತಿತ್ತೆಂದು ತಿಳಿದದ್ದು ಬಹಳ ತಡವಾಗಿ.

“ಮತ್ತ್ಯಾಕ ನಮಸ್ಕಾರ ಮಾಡಿದ್ರಿ?” ಅಂದೆ.

“ಒಂಟೆ ಈ ಮರಳಿಗೆ ನಮಗಿಂತ ಹಳಬ. ನಮಸ್ಕಾರ ಮಾಡಿದರೆ ನಷ್ಟ ಏನು?” ಅಂದರು.

ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅವರು ಹಳೆಯ ಪೈಪ್ ನಕ್ಷೆಯ ಬೆನ್ನಿಗೆ ತಮ್ಮ ಊರನ್ನು ಬರೆಯುತ್ತ ಕೂತಿದ್ದರು. ಬೆಟ್ಟಗಳ ನಡುವೆ ಒಂದು ಕಣಿವೆ, ಕಣಿವೆಗೊಂದು ಹೊಳೆ, ಹೊಳೆಯ ಪಕ್ಕ ಕಡಿದಾದ ಹುಲ್ಲಿನ ಚಾವಣಿಯ ಮನೆಗಳು.

“ನೋಡಾಕ ಏನೈತ್ರಿ ಅಲ್ಲೆ?” ಎಂದು ಕೇಳಿದೆ.

“ಹಿಮ.”

“ಹಿಮ ಬಿಟ್ಟು?”

ಅವರು ಆ ಬೋಳು ಬೆರಳಿನಿಂದಲೇ ತೋರಿಸುತ್ತ ಹೋದರು. ಇಲ್ಲಿ ಜಲಪಾತ, ಅದರ ಹಿಂದೆ ಹೋಗಿ ನಿಲ್ಲಬಹುದು, ಬೆನ್ನು ಮಾತ್ರ ನೆನೆಯುತ್ತದೆ. ಇಲ್ಲಿ ಮರದ ತೊಗಟೆಯನ್ನು ಹಿಮದ ಮೇಲೆ ಹರವಿ ಬೆಳ್ಳಗೆ ಮಾಡಿ ಕಾಗದ ತಯಾರಿಸುತ್ತಾರೆ. ಇಲ್ಲಿ ಸುಗ್ಗಿಯಲ್ಲಿ ಮುಖವಾಡದ ಕುಣಿತ. ಊರಿನ ಅತ್ಯಂತ ಮುದುಕನೇ ರಾಕ್ಷಸನಾಗಬೇಕು, ಮಕ್ಕಳು ಅವನನ್ನು ಅಟ್ಟಿಸಿಕೊಂಡು ಹೋಗಬೇಕು.

“ತಾಜಮಹಲು ಇಲ್ಲೇನು?”

“ಇಲ್ಲ.”

“ಹಂಗಾರ ಯಾರ್ ಬರ್ತಾರ ಬಿಡ್ರಿ!”

ಸಾಹೇಬರು ನಗಲಿಲ್ಲ. “ನಿಮ್ಮ ಊರು? ಅಲ್ಲಿ ಏನಿದೆ?” ಎಂದು ತಿರುಗಿ ಕೇಳಿದರು. ನಮ್ಮೂರ ಹತ್ತಿರ ಕೆಂಪು ಗುಡ್ಡ ಇದೆ, ಗುಡ್ಡ ಕಡಿದು ಮಾಡಿದ ಗುಹೆಗಳಿವೆ, ಒಳಗೆ ಮೂರ್ತಿಗಳಿವೆಯಂತೆ, ಮಂಗಗಳಂತೂ ವಿಪರೀತ ಎಂದೆ. ‘ಇವೆಯಂತೆ’ ಎಂಬುದನ್ನು ಅವರು ಹಿಡಿದುಬಿಟ್ಟರು. ನಾನು ಶಾಲೆಯಲ್ಲಿದ್ದಾಗ ಒಮ್ಮೆ ಹೋಗಿದ್ದೆ, ಅಂದೂ ಮಂಗಗಳ ಜೊತೆಗೇ ಹೊತ್ತು ಕಳೆದಿದ್ದೆ. ಅದನ್ನು ಒಪ್ಪಿಕೊಂಡಾಗ ಅವರು ಹಲ್ಲಿನ ಸಂದಿಯಿಂದ ಸುಸ್ ಎಂದು ಉಸಿರೆಳೆದುಕೊಂಡರು. ನನ್ನ ವೆಲ್ಡಿಂಗಿಗೆ ಬಾರದ ಉಸಿರು ನನ್ನ ಊರಿನ ವಿಷಯದಲ್ಲಿ ಬಂತು. ಮುಂದಿನ ರಜೆಯಲ್ಲಿ ಹೆಂಡತಿಯನ್ನು ಕರೆದುಕೊಂಡು ಗುಹೆ ಹತ್ತಿದೆ. ನಮ್ಮ ಮದುವೆಯಾಗಿ ಆಗಲೇ ಹದಿನಾಲ್ಕು ವರ್ಷವಾಗಿತ್ತು. “ಇಷ್ಟ ಹತ್ರ ಇದ್ದು ಇವತ್ತ ತೋರಸಾಕ ಬಂದ್ರ್ಯಾ?” ಎಂದಳು. ಜಪಾನಿನವರೊಬ್ಬರು ಕಳಿಸಿದರು ಎಂದರೆ ಇಂದಿಗೂ ನಂಬುವುದಿಲ್ಲ.

ನಕ್ಷೆ ಬರೆಯುತ್ತಿದ್ದ ಕಾರಣ ಆಮೇಲೆ ತಿಳಿಯಿತು. ಆ ಹುಲ್ಲಿನ ಮನೆಗಳಲ್ಲಿ ಒಂದು ಅವರದು. ಮಕ್ಕಳಿಲ್ಲ, ಹೆಂಡತಿ ಒಬ್ಬರೇ ಇದ್ದರು. ಚಾವಣಿ ಹಳೆಯದಾಗಿ, ಇನ್ನೆರಡು ಚಳಿಗಾಲದ ಹಿಮ ತಡೆಯದು ಎಂಬಂತಾಗಿತ್ತು. ಅದನ್ನು ದುಡ್ಡು ಕೊಟ್ಟು ಮಾಡಿಸುವಂತಿಲ್ಲ. ಊರಿಗೆ ಊರೇ ಹತ್ತಿ ಒಂದೇ ದಿನದಲ್ಲಿ ಹೊಸ ಹುಲ್ಲು ಹೊದಿಸಬೇಕು, ಅದು ಅಲ್ಲಿಯ ಪದ್ಧತಿ. ಊರಿನ ಹಿರಿಯರು ಮಾತ್ರ, ನಾಳೆ ಬೀಗ ಬೀಳುವ ಮನೆಗೆ ನಾವು ಹುಲ್ಲು ಹೊರುವುದಿಲ್ಲ, ಕೆಡವಿಬಿಡಿ ಎಂದಿದ್ದರು. ಆಕೆ, ಕೆಡವಬೇಡಿ, ಊರು ನೋಡಲು ಬರುವವರಿಗೆ ಇಳಿದುಕೊಳ್ಳುವ ಮನೆ ಮಾಡುತ್ತೇನೆ ಎಂದು ಹಟ ಹಿಡಿದರು. ಕೊನೆಗೆ ಒಂದು ಕರಾರಾಯಿತು. ಪಟ್ಟಣದ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ನಾಲ್ಕು ಮಂದಿ ಪರದೇಶಿಗಳು ಶರತ್ಕಾಲದಲ್ಲಿ ಎರಡು ದಿನ ಬಂದು ಇರುತ್ತಾರೆ. ಅವರು ಸಂತೋಷದಿಂದ ಹೋದರೆ ಹುಲ್ಲು, ಇಲ್ಲದಿದ್ದರೆ ಇಲ್ಲ.

ಆಕೆ ಪರದೇಶದವರನ್ನು ಹತ್ತಿರದಿಂದ ಕಂಡವರೇ ಅಲ್ಲ. ಸಾಹೇಬರಿಗೋ ಆ ಹೊತ್ತಿಗೆ ಪೈಪುಗಳ ಒತ್ತಡ ಪರೀಕ್ಷೆ, ಕ್ಯಾಂಪಿನ ಅರಬ್ಬಿಯಲ್ಲಿ ಹೇಳುವುದಾದರೆ ರಜೆ ‘ಮಾಫಿ’, ಇಲ್ಲವೇ ಇಲ್ಲ. “ಅವರು ಏನಾದರೂ ತಪ್ಪು ಮಾಡಿದರೆ ನಾನು ಹೇಗೆ ಹೇಳಲಿ?” ಎಂದು ಆಕೆ ಕಾಗದ ಬರೆದಿದ್ದರು. ಅದನ್ನು ನನಗೆ ಓದಿ ಹೇಳಿ ಸಾಹೇಬರು ಕೇಳಿದರು:

“ಮೀಸೆ-ಸಾನ್, ನೀವು ಪರದೇಶಿ ಅಲ್ಲವೇ?”

“ನಾನ್ಯಾಕ ಪರದೇಶಿ ಆಗ್ಲಿ?” ಎಂದು ಮೀಸೆ ತಿರುವಿದೆ. ಆಮೇಲೆ ಯೋಚಿಸಿದೆ. ಹೌದಲ್ಲ, ಜಪಾನಿಗೆ ನಾನೂ ಪರದೇಶಿಯೇ.

ಹಾಗೆ ಶುರುವಾಯಿತು ನಮ್ಮ ಶುಕ್ರವಾರದ ಪ್ರವಾಸ. ಪರದೇಶಿಗಳು ಎಲ್ಲೆಲ್ಲಿ ತಪ್ಪುತ್ತಾರೆಂದು ನಮ್ಮಿಂದ ತಿಳಿದು ಹೆಂಡತಿಗೆ ಬರೆಯುವುದು ಸಾಹೇಬರ ಲೆಕ್ಕ. ಅವರ ಕ್ಯಾಬಿನ್ನೇ ಜಪಾನಿನ ಮನೆ. ದೋಹಾ ಅಲ್ ಜದೀದಾ ಪೇಟೆಯ ಅಂಗಡಿಗಳಿಂದ ಚಾಪೆ, ಗಿಡ್ಡ ಮಣೆ, ಎರಡು ಬಗೆಯ ಚಪ್ಪಲಿ ತಂದರು. ನೀಲಿಯದು ಮನೆಯೊಳಗೆ, ಕೆಂಪಿನದು ಕಕ್ಕಸಿಗೆ ಮಾತ್ರ. ವಾರಕ್ಕೆ ಆರು ದಿನ ನಮ್ಮನ್ನು ನಡುಗಿಸುತ್ತಿದ್ದ ಸಾಹೇಬರು ಏಳನೆಯ ದಿನ ತಲೆಗೆ ಟವೆಲ್ ಕಟ್ಟಿಕೊಂಡು, ಬಾಗಿಲಲ್ಲಿ ಮಂಡಿಯೂರಿ, ತಮ್ಮ ಹೆಂಡತಿಯೇ ಆಗಿ ನಮ್ಮನ್ನು ಬರಮಾಡಿಕೊಳ್ಳುತ್ತಿದ್ದರು. ಅತಿಥಿಗಳು ನಾನು, ನನ್ನ ಕೈಕೆಳಗಿನ ಇಬ್ಬರು ವೆಲ್ಡರ್‌ಗಳು, ಮತ್ತೆ ಕ್ಯಾಂಪಿಗೆ ನೀರಿನ ಟ್ಯಾಂಕರ್ ತರುತ್ತಿದ್ದ ಉಳ್ಳಾಲದ ಬ್ಯಾರಿ. ಅವನನ್ನು ಎಲ್ಲರೂ ಕಾಕಾ ಎನ್ನುತ್ತಿದ್ದೆವು. ಜುಮ್ಮಾ ನಮಾಜು ಮುಗಿಸಿ ನೇರ ಜಪಾನಿಗೆ ಬರುತ್ತಿದ್ದ.

ಮೊದಲ ವಾರವೇ ನಾನು ಕೆಂಪು ಚಪ್ಪಲಿಯಲ್ಲಿ ಟಪಟಪ ನಡೆದು ಬಂದು ಚಾಪೆಯ ನಟ್ಟನಡುವೆ ನಿಂತೆ.

“ಬೇಕೂಂತ್ಲೇ ಮಾಡಿದ್ದು ಇವರು ಸಾಹೇಬ್ರೆ! ಇವರ ಮುಖ ನೋಡಿ!” ಎಂದ ಕಾಕಾ.

ಸಾಹೇಬರು ನೋಟುಪುಸ್ತಕ ತೆಗೆದು ಬರೆದುಕೊಂಡರು. “ಗೊತ್ತು. ಬೇಕೆಂದೇ ಮಾಡುವ ಅತಿಥಿಯೂ ಬರುತ್ತಾನೆ,” ಎಂದರು. ಆ ದಿನದಿಂದ ಕೀಟಲೆ ನನ್ನ ಕೆಲಸವಾಯಿತು. ಒಗ್ಗರಣೆ ಇಲ್ಲದ ಸಾರನ್ನು ಕುಡಿದು ಉಪ್ಪಿನಕಾಯಿ ಕೇಳಿದೆ. ಮಂಡಿಯೂರಿ ಕೂರಲಾರೆ, ಕುರ್ಚಿ ತನ್ನಿ ಎಂದೆ. ಜಲಪಾತ ನೋಡಲು ಲಿಫ್ಟ್ ಇದೆಯೇ ಎಂದೆ. ಎಲ್ಲದಕ್ಕೂ ಅವರು ಹೆಂಡತಿಯ ಮೆಲುದನಿಯಲ್ಲೇ ಉತ್ತರಿಸುತ್ತಿದ್ದರು, ಆಮೇಲೆ ಬರೆದುಕೊಳ್ಳುತ್ತಿದ್ದರು.

ಅವರ ಊರಿನಲ್ಲಿ ದೊಡ್ಡ ಸುಖವೆಂದರೆ ಸ್ನಾನ. ನೋಡಬೇಕಾದ್ದೆಲ್ಲ ನೋಡಿ, ಹಿಮದಿಂದ ಬಂದು, ಕುತ್ತಿಗೆಯವರೆಗೆ ಬಿಸಿನೀರಿನಲ್ಲಿ ಕೂರಬೇಕು. ಜನವರಿಯಲ್ಲಿ ಕತಾರ್‌ನ ಗಾಳಿಯೂ ಕಿವಿ ಕಚ್ಚುತ್ತದೆ, ಅದನ್ನೂ ಮಾಡಿಯೇ ಬಿಡೋಣ ಎಂದೆ. ಉಳಿದ ಸ್ಟೀಲ್ ತಗಡಿನಿಂದ ಆಳದ ತೊಟ್ಟಿ ವೆಲ್ಡ್ ಮಾಡಿ, ಬುಡಕ್ಕೆ ರಬ್ಬರ್ ಬಿರಡೆ ಕೂರಿಸಿ, ಕ್ಯಾಬಿನ್ನಿನ ಹಿಂದೆ ಇಟ್ಟಿಗೆಯ ಮೇಲೆ ನಿಲ್ಲಿಸಿ, ಸುತ್ತ ತಾಡಪತ್ರಿ ಕಟ್ಟಿದೆ. ಒಂದು ಹನಿ ಸೋರಲಿಲ್ಲ. ಆ ಮರಳುಗಾಡಿನಲ್ಲಿ ಜಪಾನಿ ಬಚ್ಚಲು ಕಟ್ಟಿದ ಕನ್ನಡಿಗ ನಾನೊಬ್ಬನೇ. ಬೇರೆಯವರಿದ್ದರೆ ಮುಂದೆ ಬರಲಿ. ಕಾಕಾ ಒಂದು ಟ್ಯಾಂಕರಿನಲ್ಲಿ ಸ್ವಲ್ಪ ನೀರು ಉಳಿಸಿ ತಂದ. ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ ಉರಿಸಿ ಸಾಹೇಬರು ಎರಡು ಗಂಟೆ ನೀರು ಕಾಯಿಸಿದರು.

ಮುಖ್ಯ ಅತಿಥಿ ನಾನೇ ಮೊದಲು. ಮಣೆಯ ಮೇಲೆ ಕೂತು, ಹೊರಗೇ ಸೋಪು ಹಚ್ಚಿ, ತಂಬಿಗೆಯಿಂದ ಮೈ ತೊಳೆದುಕೊಂಡು ಆಮೇಲೆ ತೊಟ್ಟಿಗಿಳಿಯಬೇಕು ಎಂದು ಹೇಳಿಕೊಟ್ಟಿದ್ದರು. ಹಾಗೇ ಮಾಡಿದೆ, ಆ ದಿನ ಯಾವ ಕೀಟಲೆಯೂ ಇಲ್ಲ. ನೀರಿನಲ್ಲಿ ಕೂತಾಗ ಆರು ವರ್ಷದ ಕತಾರ್ ಮೈಯಿಂದ ಇಳಿದು ಹೋಯಿತು. ಆಮೇಲೆ ಎದ್ದು, ಬಿರಡೆ ಕಿತ್ತು, ನೀರೆಲ್ಲ ಬಿಟ್ಟು, ತೊಟ್ಟಿಯನ್ನು ಉಜ್ಜಿ ತೊಳೆದು, ಒಂದು ಹನಿಯೂ ಉಳಿಯದಂತೆ ಒರಸಿ, ಮೀಸೆ ಬಾಚಿಕೊಂಡು ಹೊರಗೆ ಬಂದೆ.

ಟವೆಲ್ ಸುತ್ತಿಕೊಂಡು ಒಳಗೆ ಹೋದ ಕಾಕಾ ಅಲ್ಲಿಂದಲೇ ಕೂಗಿದ: “ಮಾರಾಯ್ರೆ, ನೀರೆಲ್ಲಿ?”

“ಚೆಲ್ಲೀನಿ.”

“ಚೆಲ್ಲಿದ್ದಾ! ಟ್ಯಾಂಕರ್ ತಂದವ ನಾನು, ಕಾಯಿಸಿದ್ದು ಅವರು, ಚೆಲ್ಲಿದ್ದು ನೀವು! ಇದಕ್ಕೂ ಒಂದು ಲಿಮಿಟ್ ಬೇಡ್ವಾ?”

“ಕಾಕಾ, ನಾ ಕುಂತೆದ್ದ ನೀರಾಗ ನಿಮ್ಮನ್ನ ಹೆಂಗ ಕುಂಡ್ರಸಲಿ? ಮೈಲಿಗಿ ನೀರ ಬಿಟ್ಟ ಬರಾಕ ನನಗೇನ ಮರ್ಯಾದಿ ಇಲ್ಲೇನು?”

ಯಾರೂ ನಂಬಲಿಲ್ಲ. ವೆಲ್ಡರ್‌ಗಳಿಬ್ಬರು ಬಿದ್ದು ಬಿದ್ದು ನಕ್ಕರು. ಸಾಹೇಬರು ತಲೆಯ ಟವೆಲ್ ಬಿಚ್ಚಿ ನನ್ನ ಮುಂದೆ ಬಂದು ನಿಂತರು. ಹೆಂಡತಿಯ ದನಿ ಹೋಗಿ ತಪಾಸಣೆಯ ದನಿ ಬಂದಿತ್ತು.

“ಮೀಸೆ-ಸಾನ್, ತಮಾಷೆಯೋ, ನಿಜವೋ?”

“ನಮ್ಮವ್ವನ ಆಣಿ, ನಿಜ. ನಮ್ಮಲ್ಲೆ ಒಬ್ಬರು ಜಳಕ ಮಾಡಿದ ನೀರು ಇನ್ನೊಬ್ಬರಿಗಿ ಇಡೂದಿಲ್ರಿ.”

ಅವರು ಹೋಗಿ ಖಾಲಿ ತೊಟ್ಟಿಯ ಅಂಚಿನ ಮೇಲೆ ಕೂತು ಬಿಡಿಸಿ ಹೇಳಿದರು. ಅವರ ಊರಿನಲ್ಲಿ ಆ ಒಂದೇ ನೀರು ಇಡೀ ಮನೆಗೆ, ಎಲ್ಲ ಅತಿಥಿಗಳಿಗೆ. ಮೈ ತೊಳೆದೇ ಇಳಿಯುವುದರಿಂದ ನೀರು ಕೆಡುವುದಿಲ್ಲ. ಕಡೆಗೆ ಮನೆಯಾಕೆಯ ಸರದಿ. ಬಂದ ಪರದೇಶಿ ಒಬ್ಬನು ಹೀಗೆ ಮರ್ಯಾದೆಗೆಂದೇ ಬಿರಡೆ ಕಿತ್ತರೆ ಉಳಿದವರು ಆ ಚಳಿಯಲ್ಲಿ ನಡುಗುತ್ತಾರೆ. ಆಕೆ ಒಂದು ಮಾತೂ ಆಡುವುದಿಲ್ಲ. ಅವಮಾನವಾಯಿತೆಂದು ಅವರ ಮುಂದೆ ಬಗ್ಗಿ ನಮಸ್ಕರಿಸಿ, ಒಳಗೆ ಹೋಗಿ ಅಳುತ್ತಾಳೆ. ಅತಿಥಿಗಳಿಗೆ ಏನಾಯಿತೆಂಬುದೇ ತಿಳಿಯುವುದಿಲ್ಲ. ಅಲ್ಲಿಗೆ ಖಲಾಸ್. “ಚಪ್ಪಲಿ, ಕುರ್ಚಿ, ಉಪ್ಪಿನಕಾಯಿ ಎಲ್ಲ ಸಣ್ಣದು,” ಎಂದರು ಸಾಹೇಬರು. “ಇದು ನನಗೆ ಎಂದಿಗೂ ಹೊಳೆಯುತ್ತಿರಲಿಲ್ಲ. ನಿಮ್ಮ ಒಳ್ಳೆಯತನದಿಂದ ನನ್ನ ಮನೆ ಬಿದ್ದುಹೋಗುತ್ತಿತ್ತು.”

ಆ ಸಂಜೆ ಒಂದು ಚಿತ್ರ ಬರೆದರು. ಗಿರಿಜಾ ಮೀಸೆಯ ದಪ್ಪ ಮನುಷ್ಯನೊಬ್ಬ ತೊಟ್ಟಿಯ ಬಿರಡೆಗೆ ಕೈ ಹಾಕಿದ್ದಾನೆ, ಮೇಲೆ ಕೆಂಪು ಗೀಟು. ಕೆಳಗೆ ಇಂಗ್ಲಿಷಿನಲ್ಲಿ, ದಯವಿಟ್ಟು ನೀರು ಬಿಡಬೇಡಿ, ನಿಮ್ಮ ಹಿಂದೆ ಇನ್ನೊಬ್ಬರಿದ್ದಾರೆ ಎಂದು. ಹೆಂಡತಿಗೆಂದು ಪಕ್ಕದಲ್ಲಿ ಜಪಾನಿಯಲ್ಲೊಂದು ಸಾಲು ಬರೆದದ್ದನ್ನು ನನಗೆ ಓದಿ ಹೇಳಿದರು: ‘ಈತ ಕೆಟ್ಟವನಲ್ಲ. ಬಹಳ ಮರ್ಯಾದಸ್ಥ. ಮೊದಲೇ ಹೇಳಿಬಿಡು.’

ಶರತ್ಕಾಲದ ಆ ಎರಡು ದಿನ ಒತ್ತಡ ಪರೀಕ್ಷೆಯ ನಡುವೆ ಸಾಹೇಬರು ಗೇಜ್ ನೋಡಿದ್ದಕ್ಕಿಂತ ಟೆಲಿಫೋನ್ ನೋಡಿದ್ದೇ ಹೆಚ್ಚು. ನಾಲ್ಕನೆಯ ದಿನ ಸೈಟ್ ಕಚೇರಿಗೆ ಫೋನ್ ಬಂತು. ಅವರು ಎದ್ದು ನಿಂತು, ಫೋನಿಗೇ ಬಗ್ಗಿ ಬಗ್ಗಿ ನಮಸ್ಕರಿಸುತ್ತ ಕೇಳಿದರು. ಅತಿಥಿಗಳಲ್ಲಿ ಎತ್ತರದವನೊಬ್ಬ ಮೊದಲು ಸ್ನಾನಕ್ಕೆ ಹೋದನಂತೆ. ಒಳಗಿನಿಂದ ಗಟ್ಟಿಯಾಗಿ ನಗು ಕೇಳಿತಂತೆ. ಬಿರಡೆಗೆ ಕೈ ಹಾಕಿದವನು ಗೋಡೆಯ ಮೇಲೆ ನನ್ನನ್ನು ನೋಡಿ ಕೈ ತೆಗೆದನಂತೆ! ಹೋಗುವ ದಿನ ಹೋಗದೆ ನಾಲ್ವರೂ ಇನ್ನೊಂದು ದಿನ ಉಳಿದರು, ಜಲಪಾತದ ಹಿಂದೆ ಹೋಗಿ ನಿಂತು ಬಂದರು. ವಸಂತದಲ್ಲಿ ಬಂದ ಫೋಟೋದಲ್ಲಿ ಊರಿಗೆ ಊರೇ ಆ ಚಾವಣಿಯ ಮೇಲೆ ಇರುವೆಗಳಂತೆ ಹತ್ತಿತ್ತು.

“ನಿಮ್ಮ ಮೋರೆ ಜಪಾನಿನ ಬಚ್ಚಲಲ್ಲಿ ನೇತಾಡ್ತಾ ಉಂಟು ಮಾರಾಯ್ರೆ!” ಎಂದು ಕಾಕಾ ಹಂಗಿಸಿದ. ಹೌದು, ನೇತಾಡುತ್ತಿದೆ. ನಮ್ಮ ತಾಲೂಕಿನಲ್ಲಿ ಇನ್ಯಾರ ಮೋರೆ ಅಷ್ಟು ದೂರ ಹೋಗಿದೆ?

ಘಟಕದಿಂದ ಅನಿಲ ತುಂಬಿದ ಹಡಗುಗಳು ಜಪಾನಿಗೆ ಹೊರಟ ಮೇಲೆ ಸಾಹೇಬರೂ ಹೊರಟರು. ನಾನು ಜೋಡಿಸಿದ ಪೈಪಿನಿಂದ ಹೋದ ಅನಿಲದಲ್ಲಿ ಅವರ ದೇಶದ ಒಲೆ ಉರಿಯುತ್ತದೆ ಎಂದು ವಿಮಾನ ನಿಲ್ದಾಣದಲ್ಲಿ ಜಂಬ ಕೊಚ್ಚಿದೆ. ಅವರು ಆ ಬೋಳು ಹೆಬ್ಬೆರಳನ್ನು ನನ್ನ ಅಂಗೈಗೆ ಒತ್ತಿ, ಒಂದು ಕ್ಷಣ ಕಣ್ಣು ಮುಚ್ಚಿ, ಏನೂ ಹೇಳದೆ ಮುಂದೆ ಹೋದರು.

ಆಮೇಲೆ ವರ್ಷಕ್ಕೊಂದು ಕಾರ್ಡು ಬರುತ್ತಿತ್ತು: ಎಷ್ಟು ಹಿಮ ಬಿತ್ತು, ಯಾವ ದೇಶದವರು ಬಂದರು, ಯಾವ ಹೊಸ ತಪ್ಪು ಮಾಡಿದರು. ಸುಗ್ಗಿಯ ಕುಣಿತದಲ್ಲಿ ಈಗ ತಾವೇ ರಾಕ್ಷಸ ಎಂದು ಒಂದು ವರ್ಷ ಹೆಮ್ಮೆಯಿಂದ ಬರೆದಿದ್ದರು. ಕಡೆಯ ಕಾಗದ ಅವರ ಹೆಂಡತಿಯದು. ಶಾಲೆಯ ಮೇಷ್ಟರಿಂದ ಇಂಗ್ಲಿಷಿನಲ್ಲಿ ಬರೆಸಿದ್ದರು. ದೊಡ್ಡ ಹಿಮ ಬಿದ್ದ ಬೆಳಿಗ್ಗೆ ಸಾಹೇಬರು ಹೋಗಿಬಿಟ್ಟರು. ಮನೆಯಲ್ಲಿ ದೂರ ದೇಶದ ಐವರು ಅತಿಥಿಗಳಿದ್ದರು. ಹೊರಟುಹೋಗಿ ಎಂದು ಆಕೆ ಕೈಮುಗಿದರೂ ಅವರು ಹೋಗಲಿಲ್ಲ. ಸಲಿಕೆ ಹುಡುಕಿಕೊಂಡು, ಬಾಗಿಲಿನಿಂದ ರಸ್ತೆಯವರೆಗೆ, ಸಾಹೇಬರನ್ನು ಹೊತ್ತೊಯ್ಯುವಷ್ಟು ಅಗಲಕ್ಕೆ ಹಿಮ ಸರಿಸಿ ದಾರಿ ಮಾಡಿದರು. ಸಂಜೆ ಎಲ್ಲ ಮುಗಿಸಿ ಬಂದ ಆಕೆ, ನಡುಗುತ್ತ ನಿಂತಿದ್ದ ಆ ಐವರನ್ನು ನೋಡಿ, ಬಚ್ಚಲ ಒಲೆ ಹಚ್ಚಿದರಂತೆ.