ಹಾಸಿಗೆಗೊಂದು ನಿಮಿಷ

ಬೆಳಗಿನ ಆರೂಕಾಲು. ಗಂಡಸರ ಆಪರೇಷನ್ ವಾರ್ಡಿನ ಉದ್ದನೆಯ ಕಾರಿಡಾರಿನಲ್ಲಿ ಟ್ಯೂಬ್‌ಲೈಟು ಇನ್ನೂ ಉರಿಯುತ್ತಿದೆ, ಕಿಟಕಿಯಲ್ಲಿ ಬೆಳಕು ಆಗಲೇ ಬಂದು ಕೂತಿದೆ. ಈಗಷ್ಟೇ ಒರೆಸಿದ ನೆಲದಿಂದ ಫಿನಾಯಿಲ್ ವಾಸನೆ. ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತ ಒಬ್ಬ ಹೆಂಗಸು ಮೊಣಕಾಲಿನವರೆಗೆ ಬರುವ ಬಿಗಿ ಕಾಲುಚೀಲದ ಜತೆ ಗುದ್ದಾಡುತ್ತಿದ್ದಾರೆ. ಮೂವತ್ತನಾಲ್ಕು ವರ್ಷ ನಿಂತು ನಿಂತು ಕಾಲಿನ ನರಗಳು ಬಳ್ಳಿ ಹಬ್ಬಿದ ಹಾಗೆ ಉಬ್ಬಿವೆ; ಆ ಚೀಲ ಏರಿಸಲಿಕ್ಕೇ ಐದು ನಿಮಿಷ ಬೇಕು. ಆಮೇಲೆ ಬಿಳಿ ಬೂಟು. ಕೊನೆಗೆ ಎದೆಯ ಮೇಲೆ ಪಿನ್ನು ಚುಚ್ಚಿ ತೂಗುಹಾಕುವ ಒಂದು ಗಡಿಯಾರ, ತಲೆಕೆಳಗಾಗಿ. ನೋಡುವ ನಮಗೆ ಅದು ತಲೆಕೆಳಗು, ಬಗ್ಗಿ ನೋಡುವ ಅವರಿಗೆ ಸರಿಯಾಗೇ ಇದೆ.

ಡ್ಯೂಟಿ ಶುರುವಾಗುವುದು ಏಳಕ್ಕೆ. ಮುಕ್ಕಾಲು ಗಂಟೆ ಮೊದಲೇ ಬಾ ಎಂದು ಅವರಿಗೆ ಯಾರೂ ಹೇಳಿಲ್ಲ. ಹೇಳಿದ್ದರೆ ಜಗಳ ಆಡುತ್ತಿದ್ದರು.

ಮೊದಲ ಹಾಸಿಗೆಯಲ್ಲಿ ಹರ್ನಿಯಾ ಆಪರೇಷನ್ ಆದ ಅಂಚೆಯವರು. ಸಿಸ್ಟರ್ ಅವರ ಮಣಿಕಟ್ಟು ಹಿಡಿಯುತ್ತಾರೆ.

"ಏನ್ ಸಿಸ್ಟರ್, ನಾಡಿ ಓಡ್ತಾ ಇದೆಯಾ?"

"ಎಲ್ಲಿ ಓಡತ್ತೆ? ನಿಮ್ಮ ಹಾಗೇ ಸೋಮಾರಿ, ನಡೀತಾ ಇದೆ. ಒಂದ್ನಿಮಿಷ ಬಾಯಿ ಮುಚ್ಕೊಂಡಿರಿ."

ಅಂಚೆಯವರು ನಗುತ್ತಾ ಸುಮ್ಮನಾಗುತ್ತಾರೆ. ಸಿಸ್ಟರ್ ಗಡಿಯಾರ ನೋಡುತ್ತಾರೆ, ಹೊದಿಕೆ ನೋಡುತ್ತಾರೆ, ಮತ್ತೆ ಗಡಿಯಾರ. ನಾಡಿ ಎಣಿಸುತ್ತಿದ್ದಾರೆ ಎಂದು ನೀವು ತಿಳಿದರೆ ಮೋಸ ಹೋದಿರಿ. ನಾಡಿಯನ್ನು ಯಂತ್ರ ಹೇಳುತ್ತದೆ. ಅವರು ಎಣಿಸುತ್ತಿರುವುದು ಉಸಿರನ್ನು. ಹೊದಿಕೆ ಏರಿ ಇಳಿದರೆ ಒಂದು, ಮತ್ತೆ ಏರಿ ಇಳಿದರೆ ಎರಡು. ಪೂರ್ತಿ ಒಂದು ನಿಮಿಷ. ಕೈ ಹಿಡಿಯುವುದು ಬರೀ ನಾಟಕ.

"ಉಸಿರು ಎಣಿಸ್ತೀನಿ ಅಂತ ಬಾಯಿಬಿಟ್ರೆ ಕೆಟ್ಟಿತು. ತಕ್ಷಣ ಫೋಟೋ ತೆಗೆಸ್ಕೊಳ್ಳೋರ ಥರ ಎದೆ ಉಬ್ಬಿಸ್ಕೊಂಡು ಉಸಿರಾಡ್ತಾರೆ. ಅದಕ್ಕೇ ಕೈ ಹಿಡ್ಕೊಂಡು ಕಳ್ಳತನ ಮಾಡ್ಬೇಕು," ಎಂದು ಸಿಸ್ಟರ್ ಆಮೇಲೆ ನಮ್ಮ ಕಿವಿಯಲ್ಲಿ ಹೇಳುತ್ತಾರೆ.

ಅಂಚೆಯವರ ಹಾಳೆಯಲ್ಲಿ ಹದಿನೇಳು ಎಂದು ಬೀಳುತ್ತದೆ. ಇನ್ನು ಮೂವತ್ತೇಳು ಹಾಸಿಗೆ ಬಾಕಿ.

ವಾರ್ಡಿನ ಆಯಾ ಇವರಿಗೆ ಇಟ್ಟ ಹೆಸರು 'ಒಂದ್ನಿಮಿಷದಮ್ಮ'. ಡಾಕ್ಟರುಗಳು, ಲ್ಯಾಬಿನವರು, ಗೇಟಿನ ಕಾವಲುಗಾರ ಎಲ್ಲರೂ ಹಿಂದುಗಡೆಯಿಂದ ಹಾಗೇ ಅನ್ನುತ್ತಾರೆ. ಆಯಾ ಮಾತ್ರ ಮುಖಕ್ಕೇ ಅನ್ನುತ್ತಾರೆ. "ಒಂದ್ನಿಮಿಷದಮ್ಮ, ನಿಮ್ಮ ಟೀ ಮೂರನೇ ಸಲ ಬಿಸಿ ಮಾಡಿದೀನಿ. ಇನ್ನೊಂದು ಸಲ ಮಾಡಿದ್ರೆ ಅದು ಕಷಾಯ."

ಈ ಉಸಿರಿನ ಲೆಕ್ಕದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಬಿ.ಪಿ., ನಾಡಿ, ಜ್ವರ, ಬೆರಳಿಗೆ ಸಿಕ್ಕಿಸುವ ಕ್ಲಿಪ್ಪಿನಲ್ಲಿ ಆಕ್ಸಿಜನ್ ಎಲ್ಲಕ್ಕೂ ಇಂಥ ವಾರ್ಡಿನಲ್ಲಿ ಒಂದೊಂದು ಯಂತ್ರ ಇದೆ. ಉಸಿರಿಗೆ ಮಾತ್ರ ಇಲ್ಲ. ಅದನ್ನು ಕಣ್ಣಿನಿಂದ ನೋಡಿ, ಒಂದು ನಿಮಿಷ ನಿಂತು ಎಣಿಸಬೇಕು. ಕೈತುಂಬ ಕೆಲಸ ಇರುವವರಿಗೆ ಆ ಒಂದು ನಿಮಿಷ ಎಲ್ಲಿ ಸಿಗುತ್ತದೆ? ಆರೋಗ್ಯವಂತರ ಉಸಿರು ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತು. ಹಾಗಾಗಿ ಕಣ್ಣುಮುಚ್ಚಿ 'ಇಪ್ಪತ್ತು' ಎಂದು ಬರೆದು ಮುಂದೆ ಹೋಗುವುದುಂಟು. ಇವರು ತರಬೇತಿಗೆ ಸೇರಿದಾಗಲೇ ಹಿರಿಯರು ಹಾಗೆ ಬರೆಯುತ್ತಿದ್ದರಂತೆ. ಹಾಳೆ ಚೆನ್ನಾಗಿ ಕಾಣುತ್ತದೆ, ಯಾರೂ ಕೇಳುವುದಿಲ್ಲ. ಮೂವತ್ತೆಂಟು ಜನ ಮಲಗಿದ್ದಾರೆ, ಮೂವತ್ತೆಂಟು ಜನವೂ ಕವಾಯತು ಮಾಡುವವರ ಹಾಗೆ ಒಂದೇ ತಾಳಕ್ಕೆ ಉಸಿರಾಡುತ್ತಾರೆ ಎಂದರೆ ನಂಬಲಿಕ್ಕೆ ಯಾರಿಗೆ ತಲೆ ಕೆಟ್ಟಿದೆ? ಆದರೂ ನಂಬುತ್ತಾರೆ.

ಒಂದ್ನಿಮಿಷದಮ್ಮ ಹುಟ್ಟಿದ್ದು ಐದು ಮಕ್ಕಳ ಮನೆಯಲ್ಲಿ, ಇವರೇ ಹಿರಿಯವರು. ಅಪ್ಪ ಮರದ ಡಿಪೋದಲ್ಲಿ ಕಾವಲುಗಾರ. ನರ್ಸ್ ತರಬೇತಿಗೆ ಸೇರುತ್ತೇನೆ ಎಂದಾಗ ಚಿಕ್ಕಪ್ಪ ಮನೆಗೆ ಬಂದು ರಂಪ ಮಾಡಿದ್ದರು. ಕಂಡವರ ಮೈ ಒರೆಸುವ ಕೆಲಸಕ್ಕೆ ಹುಡುಗಿಯನ್ನು ಕಳಿಸುತ್ತೀರಾ, ನಾಳೆ ಯಾರು ಮದುವೆ ಆಗುತ್ತಾರೆ ಎಂದು. ಅಪ್ಪ ಒಂದೇ ಮಾತು ಹೇಳಿ ಬಾಗಿಲು ತೋರಿಸಿದರು: "ನಿನ್ನ ಮೈ ಒರೆಸೋಕೂ ಒಂದು ದಿನ ಯಾರಾದ್ರೂ ಬೇಕಾಗತ್ತೆ, ಹೋಗೋ."

ಹದಿನೆಂಟು ವರ್ಷದ ನಂತರ ಆ ಚಿಕ್ಕಪ್ಪ ಸೊಂಟ ಮುರಿದುಕೊಂಡು ಬಂದದ್ದು ಇವರ ವಾರ್ಡಿಗೇ. "ನಾನೇನೂ ಹಳೇದು ತೆಗೀಲಿಲ್ಲ," ಎನ್ನುತ್ತಾರೆ ಸಿಸ್ಟರ್, ಕಣ್ಣಲ್ಲಿ ತುಂಟತನ ಇಟ್ಟುಕೊಂಡು. "ದಿನಾ ಬೆಳಿಗ್ಗೆ ನೀರಿನ ಬೇಸಿನ್ ತಗೊಂಡು ಹೋಗಿ, 'ನೀರು ಬಿಸಿ ಸಾಕಾ ಚಿಕ್ಕಪ್ಪ?' ಅಂತ ಕೇಳ್ತಿದ್ದೆ. ಅಷ್ಟೇ."

ಮದುವೆಯೂ ಆಯಿತು. ಗಂಡನದು ಬಸ್ ನಿಲ್ದಾಣದ ಹಿಂದೆ ಕೈಯಗಲದ ಗಡಿಯಾರ ರಿಪೇರಿ ಅಂಗಡಿ. ಈಗ ಗಡಿಯಾರ ಕಟ್ಟುವವರೇ ಕಡಿಮೆ, ಮೊಬೈಲ್ ಕವರುಗಳೇ ಮುಂದೆ ನೇತಾಡುತ್ತವೆ. ಹೆಂಡತಿಯ ಗಡಿಯಾರ ಮಾತ್ರ ಆರು ತಿಂಗಳಿಗೊಮ್ಮೆ ಅವರ ಮೇಜಿನ ಮೇಲೆ ಬಿಚ್ಚಿಕೊಂಡು ಮಲಗುತ್ತದೆ. "ಅಂಗಡೀಲಿ ನೂರು ಗಡಿಯಾರ ಕೆಟ್ಟು ಬಿದ್ದಿವೆ, ಯಾರೂ ಕೇಳಲ್ಲ. ಇದೊಂದು ಎರಡು ಸೆಕೆಂಡ್ ಹಿಂದೆ ಬಿದ್ರೆ ನನಗೆ ಮನೇಲಿ ಊಟ ಇಲ್ಲ," ಎನ್ನುತ್ತಾರೆ. ಆಮೇಲೆ ದನಿ ತಗ್ಗಿಸಿ, "ಮದುವೆ ಆಗಿ ಇಷ್ಟು ವರ್ಷ ಆಯ್ತು. ಇವಳು ಕೈ ಹಿಡಿದ್ರೆ ಪ್ರೀತಿಗೋ ಡ್ಯೂಟಿಗೋ ಅಂತ ಇವತ್ತಿಗೂ ಗೊತ್ತಾಗಲ್ಲ."

ವಾರ್ಡಿನಲ್ಲಿ ಹಾಸಿಗೆ ಮೂವತ್ತೆಂಟು. ಬೆಳಗಿನ ಪಾಳಿಗೆ ನರ್ಸುಗಳು ಇಬ್ಬರು, ಅದೃಷ್ಟ ಚೆನ್ನಾಗಿದ್ದರೆ ಮೂವರು. ಮಗಳು ಫೋನಿನಲ್ಲಿ ಹೆಜ್ಜೆ ಎಣಿಸುವುದನ್ನು ಹಾಕಿಕೊಟ್ಟಿದ್ದಾಳೆ. ದಿನಕ್ಕೆ ಹದಿನಾಲ್ಕು ಸಾವಿರ, ಅದೂ ಒಂದೇ ಕೋಣೆಯೊಳಗೆ. ಕೈ ತೊಳೆಯುವುದು ಎಷ್ಟು ಸಲ ಎಂದು ಕೇಳಬೇಡಿ, ಬೆರಳ ಸಂದಿ ಸೀಳಿರುವುದನ್ನು ನೋಡಿದರೆ ಸಾಕು. ಬೆಳಿಗ್ಗೆ ನೀರು ಕುಡಿಯುವುದೇ ಇಲ್ಲ. ಕುಡಿದರೆ ಬಚ್ಚಲಿಗೆ ಹೋಗಬೇಕು, ಹೋದರೆ ಅಷ್ಟರಲ್ಲಿ ಎಲ್ಲೋ ಒಂದು ಗ್ಲೂಕೋಸ್ ಬಾಟಲಿ ಮುಗಿದು, ರೋಗಿಯ ಭಾವಮೈದುನ ಆಸ್ಪತ್ರೆ ಮೇಲೆ ಕೆಳಗೆ ಮಾಡಿರುತ್ತಾನೆ. ಜೇಬಿನ ಕತ್ತರಿಯನ್ನು ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯಲ್ಲಿ ಸೊಂಟಕ್ಕೆ ಕಟ್ಟಿಕೊಂಡಿದ್ದಾರೆ. ಯಾಕೆಂದರೆ ಡಾಕ್ಟರುಗಳು ಹೊಟ್ಟೆಯೊಳಗೆ ಏನನ್ನೂ ಮರೆಯುವುದಿಲ್ಲವಂತೆ, ನರ್ಸಿನ ಕತ್ತರಿ, ಪೆನ್ನು ವಾಪಸು ಕೊಡುವುದನ್ನು ಮಾತ್ರ ಮರೆಯುತ್ತಾರೆ.

ಇದರ ಮಧ್ಯೆ ಮೂವತ್ತೆಂಟು ನಿಮಿಷ ಎಲ್ಲಿಂದ ತರುತ್ತೀರಿ ಎಂದು ಕೇಳಿದರೆ ಉತ್ತರ ಚುಟುಕಾಗಿ ಬರುತ್ತದೆ. "ಕೂತ್ಕೊಳ್ಳೋ ಟೈಮಿಂದ."

ಇಷ್ಟು ಹಟ ಎಲ್ಲಿಂದ ಬಂತು ಎನ್ನುವುದನ್ನೂ ಅವರು ಮುಚ್ಚಿಡುವುದಿಲ್ಲ. ಕೆಲಸಕ್ಕೆ ಸೇರಿದ ಎರಡನೇ ವರ್ಷ. ಆಗ ಹೆಂಗಸರ ವಾರ್ಡು. ಕಿಟಕಿ ಪಕ್ಕದ ಹಾಸಿಗೆಯಲ್ಲಿ ಒಬ್ಬ ಸ್ಕೂಲ್ ಟೀಚರ್ ಇದ್ದರು, ಮಲಗಿಕೊಂಡೇ ಮಕ್ಕಳ ನೋಟುಪುಸ್ತಕ ತಿದ್ದುತ್ತಿದ್ದವರು. ಸಂಜೆ ಇವರು ಅವರ ಹಾಳೆಗೆ ಇಪ್ಪತ್ತು ಎಂದು ಬರೆದರು. ಬೆಳಿಗ್ಗೆಯೂ ಇಪ್ಪತ್ತು. ಎರಡು ಸಲವೂ ಎಣಿಸಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಟೀಚರ್ ಇರಲಿಲ್ಲ. ಶ್ವಾಸಕೋಶದಲ್ಲಿ ಸೋಂಕು, ಹಿಂದಿನ ದಿನದಿಂದಲೇ ಮೇಲುಸಿರು ಬಿಡುತ್ತಿದ್ದಿರಬೇಕು. ವಿಚಾರಣೆ ನಡೆಯಿತು. ಹಾಳೆ ತೆಗೆದು ನೋಡಿದರು. ಎಲ್ಲ ಸರಿಯಾಗಿತ್ತು.

"ಆ ಇಪ್ಪತ್ತು ನನ್ನ ಕೆಲಸ ಉಳಿಸ್ತು," ಎನ್ನುತ್ತಾರೆ ಸಿಸ್ಟರ್. "ಅವರನ್ನ ಉಳಿಸ್ಲಿಲ್ಲ. ಬರೀರಿ ಇದನ್ನ. ಹೊಸದಾಗಿ ಬರೋ ಹುಡುಗೀರಿಗೆಲ್ಲ ಮೊದಲನೇ ದಿನಾನೇ ಹೇಳ್ತೀನಿ, ಪೇಪರ್‌ನವರಿಗೆ ಯಾಕೆ ಮುಚ್ಚಿಡ್ಲಿ?"

ಆ ವಾರವೇ ಗಂಡನ ಅಂಗಡಿಗೆ ಹೋಗಿ, ಸೆಕೆಂಡಿನ ಮುಳ್ಳು ದಪ್ಪಗಿರುವ ಗಡಿಯಾರ ಬೇಕು ಎಂದರು. ಅದೇ ಇವತ್ತಿಗೂ ಎದೆಯ ಮೇಲಿದೆ.

ಹೇಳುವುದು ಬೇರೆ, ಇನ್ನೊಬ್ಬರ ಕೈಗೆ ಅದು ಇಳಿಯುವುದು ಬೇರೆ. ಮೂವತ್ತನಾಲ್ಕು ವರ್ಷದಲ್ಲಿ ಎಷ್ಟೋ ಹುಡುಗಿಯರು ಕಥೆ ಕೇಳಿ ಕಣ್ಣೀರು ಹಾಕಿದ್ದಾರೆ, ಮರುವಾರ ಇಪ್ಪತ್ತು ಬರೆದಿದ್ದಾರೆ. ಇನ್ನು ನಾಲ್ಕು ತಿಂಗಳಿಗೆ ಇವರ ನಿವೃತ್ತಿ. ತಾನು ಹೋದ ಮಾರನೇ ದಿನದಿಂದ ಈ ವಾರ್ಡಿನಲ್ಲಿ ಉಸಿರು ಎಣಿಸುವವರು ಯಾರು? ಈಚೆಗೆ ಅವರನ್ನು ಕೊರೆಯುತ್ತಿರುವುದು ಇದೊಂದೇ ಯೋಚನೆ.

ಹೀಗಿರುವಾಗ ಒಂದು ಬೆಳಿಗ್ಗೆ ಹದಿನಾಲ್ಕನೇ ಹಾಸಿಗೆಯ ಮುಂದೆ ನಿಲ್ಲುತ್ತಾರೆ. ಮಲಗಿರುವುದು ಒಬ್ಬ ಬಡಗಿ, ಕರುಳಿನ ಆಪರೇಷನ್ ಆಗಿ ನಾಲ್ಕನೇ ದಿನ. ಹಾಳೆಯಲ್ಲಿ ಆರು ಗಂಟೆಯ ಲೆಕ್ಕ: ಬಿ.ಪಿ. ಸರಿ, ಆಕ್ಸಿಜನ್ ಸರಿ, ಜ್ವರ ಇದ್ದೂ ಇಲ್ಲದ ಹಾಗೆ, ಉಸಿರು ಇಪ್ಪತ್ತು. ಬರೆದವಳು ಸೇರಿ ಐದು ತಿಂಗಳಾದ ಹೊಸ ನರ್ಸ್. ರಾತ್ರಿ ಪಾಳಿ ಮುಗಿಸಿ, ವಾರ್ಡನ್ನು ಒಪ್ಪಿಸಲು ಪಕ್ಕದಲ್ಲೇ ನಿಂತಿದ್ದಾಳೆ.

"ಸಿಸ್ಟರಮ್ಮ, ನಿಮ್ಮ ಈ ಮಂಚ ಮಾಡಿದೋನು... ನನ್ನ ಕೈಗೆ ಸಿಗ್ಬೇಕು," ಎನ್ನುತ್ತಾರೆ ಬಡಗಿ. "ಒಂದು ಕಾಲು... ಗಿಡ್ಡ."

ಸಿಸ್ಟರ್ ನಗುವುದಿಲ್ಲ. ಮಣಿಕಟ್ಟು ಹಿಡಿದು ಹೊದಿಕೆ ನೋಡುತ್ತಾರೆ. ಒಂದು ನಿಮಿಷ. ನಂಬಿಕೆಯಾಗದೆ ಇನ್ನೊಂದು ನಿಮಿಷ. ಆಮೇಲೆ ಹುಡುಗಿಯ ಕೈಯನ್ನು ಎಳೆದು ಬಡಗಿಯ ಮಣಿಕಟ್ಟಿನ ಮೇಲೆ ಇಡುತ್ತಾರೆ. "ಎಣಿಸು. ಮನಸ್ಸಲ್ಲೇ."

ಹುಡುಗಿಯ ಮುಖ ಮೂವತ್ತನೇ ಸೆಕೆಂಡಿಗೇ ಬಿಳಿಚಿಕೊಳ್ಳುತ್ತದೆ. ಆದರೂ ಪೂರ್ತಿ ಎಣಿಸಿ ಮುಗಿಸುತ್ತಾಳೆ. ಮೂವತ್ತೊಂದು.

ಫೋನಿನಲ್ಲಿ ಡ್ಯೂಟಿ ಡಾಕ್ಟರು, ಚಿಕ್ಕ ವಯಸ್ಸಿನವರು, ಬೇಸರದಿಂದ ಕೇಳುತ್ತಾರೆ: "ಆಕ್ಸಿಜನ್ ಎಷ್ಟಿದೆ? ತೊಂಬತ್ತಾರು ಅಲ್ವಾ? ನೋವಿಗೆ ಇರ್ಬೇಕು ಸಿಸ್ಟರ್. ರೌಂಡ್ಸಿಗೆ ಬಂದಾಗ ನೋಡ್ತೀನಿ."

"ನೋವಿಲ್ಲ ಅಂತಾರೆ ಸರ್. ತಮಾಷೆ ಮಾಡ್ತಾ ಕೂತಿದಾರೆ. ಆದ್ರೆ ಒಂದು ಮಾತು ಮುಗಿಸೋಕೆ ಎರಡು ಸಲ ನಿಲ್ತಾರೆ. ಹಾಳೆ ಓದೋಕೆ ನಿಮ್ಮನ್ನ ಕರೀತಾ ಇಲ್ಲ, ಬಂದು ಕಣ್ಣಲ್ಲಿ ನೋಡಿ. ನಾನು ಹೇಳಿದ್ದು ಸುಳ್ಳಾದ್ರೆ ಎಲ್ಲರ ಮುಂದೆ ಬೈರಿ, ಬೈಸ್ಕೋತೀನಿ."

ಡಾಕ್ಟರು ಬಂದರು. ಬಂದವರು ಬೈಯಲಿಲ್ಲ, ಹೊಟ್ಟೆ ಮುಟ್ಟಿ ನೋಡಿ, ದೊಡ್ಡ ಡಾಕ್ಟರಿಗೆ ಫೋನ್ ಮಾಡಿದರು. ಒಳಗೆ ಹಾಕಿದ ಹೊಲಿಗೆ ಒಂದು ಕಡೆ ಬಿಟ್ಟುಕೊಂಡಿತ್ತು. ಒಂಬತ್ತೂವರೆಗೆ ಬಡಗಿ ಮತ್ತೆ ಆಪರೇಷನ್ ಥಿಯೇಟರಿನಲ್ಲಿ. ಮಧ್ಯಾಹ್ನದವರೆಗೆ ಬಿಟ್ಟಿದ್ದರೆ ಕಥೆ ಬೇರೆ ಆಗುತ್ತಿತ್ತು ಎಂದು ದೊಡ್ಡ ಡಾಕ್ಟರು ಹೊರಗೆ ಬಂದು ಕಾರಿಡಾರಿನಲ್ಲಿ ಕಾಯುತ್ತಿದ್ದ ಬಡಗಿಯ ಅಕ್ಕನಿಗೆ ಹೇಳಿದರು.

ಆ ಹುಡುಗಿ ಮನೆಗೆ ಹೋಗಿರಲಿಲ್ಲ. ಬೆಡ್‌ಶೀಟುಗಳ ಕೋಣೆಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದಳು.

"ಅಕ್ಕ, ರಾತ್ರಿ ಮೂರು ಹೊಸ ಕೇಸು ಬಂತು. ಒಂದು ಕ್ಷಣ ಪುರುಸೊತ್ತು ಇರ್ಲಿಲ್ಲ."

"ಇರ್ಲಿಲ್ಲ, ನಿಜ. ನಾನೇನು ನೋಡಿಲ್ವಾ ರಾತ್ರಿ ಪಾಳಿ?" ಸಿಸ್ಟರ್ ಪಕ್ಕದಲ್ಲಿ ಕೂತರು. ಅವರು ಡ್ಯೂಟಿಯಲ್ಲಿ ಕೂತದ್ದನ್ನು ಆಯಾ ಆವತ್ತೇ ನೋಡಿದ್ದಂತೆ. "ಪುರುಸೊತ್ತಿಲ್ದೆ ಇದ್ರೆ ಖಾಲಿ ಬಿಡು. ಖಾಲಿ ಇದ್ರೆ ಮುಂದಿನೋಳು ಬಂದು ಎಣಿಸ್ತಾಳೆ. ಇಪ್ಪತ್ತು ಅಂತ ಇದ್ರೆ ಅವಳು ಯಾಕೆ ಎಣಿಸ್ತಾಳೆ ಹೇಳು?"

ಹಾಳೆಯನ್ನು ಅವಳ ಮುಂದಿಟ್ಟರು. ತಿದ್ದಬೇಡ, ಒಂದು ಗೀಟು ಹಾಕು, ಪಕ್ಕದಲ್ಲಿ 'ಎಣಿಸಿಲ್ಲ' ಎಂದು ಬರೆದು ಸಹಿ ಮಾಡು ಎಂದರು. ಹುಡುಗಿ ಬರೆದಳು. ಮೇಲಿನವರು ವಿವರಣೆ ಕೇಳಿ ಕರೆಸಿದಾಗ ಸಿಸ್ಟರ್ ಅವಳ ಪಕ್ಕದಲ್ಲೇ ನಿಂತು, ರಾತ್ರಿ ಮೂವತ್ತೆಂಟು ಜನಕ್ಕೆ ಇಬ್ಬರೇ ಇದ್ದರು ಎಂಬುದನ್ನೂ ಬರೆದುಕೊಳ್ಳಿ ಎಂದು ಬಿಡದೆ ಬರೆಸಿದರು. "ಅವಳು ಒಪ್ಕೊಂಡ್ಳು. ಆ ವಯಸ್ಸಲ್ಲಿ ನಾನು ಒಪ್ಕೊಂಡಿರ್ಲಿಲ್ಲ. ನನಗಿಂತ ಗಟ್ಟಿ ಹುಡುಗಿ."

ಹದಿನೈದನೇ ದಿನ ಬಡಗಿ ತಮ್ಮ ಕಾಲ ಮೇಲೆ ನಡೆದುಕೊಂಡು ಮನೆಗೆ ಹೋದರು. ಹೋಗುವ ಮುಂಚೆ ಆಯಾ ಹತ್ತಿರ ಒಂದು ರಟ್ಟಿನ ಚೂರು ಕೇಳಿ ತೆಗೆದುಕೊಂಡು, ಮಡಚಿ, ಮಂಚದ ಗಿಡ್ಡ ಕಾಲಿನ ಕೆಳಗೆ ಇಟ್ಟರು.

ಮೊನ್ನೆ ಮತ್ತೆ ಆರೂಕಾಲು. ರಾತ್ರಿ ಪಾಳಿಯಲ್ಲಿ ಇದ್ದವಳು ಅದೇ ಹುಡುಗಿ. ಸಿಸ್ಟರ್ ಕನ್ನಡಕ ಏರಿಸಿ ಹಾಳೆಗಳನ್ನು ಒಂದೊಂದಾಗಿ ತಿರುವುತ್ತಾರೆ. ಹದಿನೇಳು. ಇಪ್ಪತ್ಮೂರು. ಹದಿನೈದು. ಹತ್ತೊಂಬತ್ತು. ಎರಡು ಕಡೆ ಖಾಲಿ, ಪಕ್ಕದಲ್ಲಿ ಪುಟ್ಟದಾಗಿ 'ಎಣಿಸಿಲ್ಲ'. ಒಂಬತ್ತನೇ ಹಾಸಿಗೆಗೆ ಬಂದಾಗ ಬೆರಳು ನಿಲ್ಲುತ್ತದೆ. ಇಪ್ಪತ್ತು.

ಸಿಸ್ಟರ್ ಹುಡುಗಿಯ ಮುಖ ನೋಡುತ್ತಾರೆ. ಹುಡುಗಿ ಕಣ್ಣು ತಪ್ಪಿಸುವುದಿಲ್ಲ. "ನೋಡಿ ಬೇಕಾದ್ರೆ, ಅಕ್ಕ," ಎನ್ನುತ್ತಾಳೆ.

ನೋಡದೆ ಬಿಡುವ ಜಾತಿಯೇ ಅಲ್ಲ ಅದು. ಒಂಬತ್ತನೇ ಹಾಸಿಗೆಯ ಮುದುಕರು ಗಾಢ ನಿದ್ದೆಯಲ್ಲಿದ್ದಾರೆ. ಸಿಸ್ಟರ್ ಮಣಿಕಟ್ಟು ಹಿಡಿದು ನಿಲ್ಲುತ್ತಾರೆ. ಹೊದಿಕೆ ಏರುತ್ತದೆ, ಇಳಿಯುತ್ತದೆ. ದಪ್ಪ ಮುಳ್ಳು ಒಂದು ಸುತ್ತು ಬರುತ್ತದೆ.

ಇಪ್ಪತ್ತು.

ಕೈ ಬಿಟ್ಟು, ಹೊದಿಕೆ ಸರಿಮಾಡಿ, ಆ ಹಾಳೆಯನ್ನು ಹಾಗೇ ಮತ್ತೆ ಮಂಚದ ತುದಿಗೆ ಸಿಕ್ಕಿಸುತ್ತಾರೆ. ನಿವೃತ್ತಿಯ ದಿನ ಏನು ಬೇಕು ಎಂದು ಸಹೋದ್ಯೋಗಿಗಳು ಆಗಲೇ ಕೇಳಲು ಶುರುಮಾಡಿದ್ದಾರೆ. ಹಾರ, ಶಾಲು, ಭಾಷಣ ಯಾವುದೂ ಬೇಡವಂತೆ. "ಆವತ್ತು ಬೆಳಿಗ್ಗೆ ಒಂದೇ ಒಂದು ಕೆಲಸ ಬಿಡಬೇಕು ಅಂತ ಆಸೆ," ಎನ್ನುತ್ತಾರೆ ಒಂದ್ನಿಮಿಷದಮ್ಮ. "ಇವಳು ಬರೆದಿದ್ದನ್ನ ಇನ್ನೊಂದ್ಸಲ ಎಣಿಸಬಾರದು. ಬೂಟು ಬಿಚ್ಚಿ, ಹಾಗೇ ನಂಬ್ಕೊಂಡು ಮನೆಗೆ ಹೋಗಬೇಕು."

ಅಷ್ಟು ಹೇಳಿ ಹತ್ತನೇ ಹಾಸಿಗೆಯವರ ಕೈ ಹಿಡಿಯುತ್ತಾರೆ.