ವೇದಕ್ಕನ ತೇಲುಗುಂಡು

ನಮ್ಮ ಹುಬ್ಬಳ್ಳಿಯಲ್ಲಿ ‘ನೀರು ಬಂತು’ ಎಂದರೆ ಒಂದೇ ಅರ್ಥ. ನಳ ಬಂದಿದೆ, ಏಳು, ಮನೆಯಲ್ಲಿರುವ ಕೊಡ, ಬಕೆಟ್ಟು, ಪಾತೇಲಿ ಎಲ್ಲ ಹೊರಗೆ ತಾ, ಮತ್ತೆ ಯಾವತ್ತು ಬರುತ್ತದೋ ಯಾರಿಗೂ ಗೊತ್ತಿಲ್ಲ. ಜ್ವರದಲ್ಲಿ ಮಲಗಿದವನೂ ಈ ಎರಡು ಶಬ್ದಕ್ಕೆ ಎದ್ದು ಕೂರುತ್ತಾನೆ. ಹೀಗಾಗಿ ಕೋಲ್ಕತ್ತಾಗೆ ಬಂದು ಜಾದವ್‌ಪುರದಲ್ಲಿ ನೆಲಮಹಡಿಯ ಕೋಣೆ ಹಿಡಿದ ಮೊದಲ ಮಳೆಗಾಲದಲ್ಲಿ, ಒಂದು ಬೆಳಿಗ್ಗೆ ಫೋನು ಕುಂಯ್ ಎಂದು ‘ನೀರು ಬಂತು’ ಎಂಬ ಸಂದೇಶ ತೋರಿಸಿದಾಗ, ನಾನು ಕಣ್ಣು ಪೂರ್ತಿ ಬಿಡದೆಯೇ ಎರಡು ಬಕೆಟ್ಟು, ಒಂದು ಕುಕ್ಕರು ಹಿಡಿದು ಬಚ್ಚಲಿಗೆ ಓಡಿದೆ. ನಳ ತಿರುಗಿಸಿದೆ. ನೀರು ಧೋ ಎಂದು ಬಂತು. ಎಂಥ ಊರಿಗೆ ಬಂದೆನಪ್ಪಾ, ಮುನ್ಸೂಚನೆ ಕೊಟ್ಟು ನೀರು ಬಿಡುತ್ತಾರಲ್ಲ ಎಂದು ಕಣ್ಣು ತುಂಬಿ ಬಂತು.

ಪಾಳಿಯಲ್ಲಿ ಇಟ್ಟಿದ್ದ ಎರಡನೆಯ ಬಕೆಟ್ಟು ತಾನಾಗಿಯೇ ಬಾಗಿಲ ಕಡೆ ಹೊರಟಾಗ ಮಾತ್ರ ಅನುಮಾನವಾಯಿತು.

ಅದರ ಹಿಂದೆಯೇ ನಾನೂ ಕೋಣೆಗೆ ಬಂದೆ. ನೆಲದ ಮೇಲೆ ಪಾದ ಮುಳುಗುವಷ್ಟು ಕಪ್ಪು ನೀರು. ಫ್ಯಾನು ನಿಂತಿತ್ತು. ಮಂಚದ ಪಕ್ಕ ನೆಲದಲ್ಲಿ ಬಿದ್ದಿದ್ದ ಎಕ್ಸ್‌ಟೆನ್ಶನ್ ಬೋರ್ಡು ಮುಳುಗಿತ್ತು. ಅದರಲ್ಲಿ ಲ್ಯಾಪ್‌ಟಾಪಿನ ಚಾರ್ಜರು. ಈ ಕರೆಂಟಿನವರಿಗೂ ಈಗಲೇ ಹೋಗಬೇಕಿತ್ತೇ ಎಂದು ಬೈಯುತ್ತ, ನೀರಿನಲ್ಲಿ ಕೈಯಾಡಿಸಿ ಬೋರ್ಡನ್ನು ಎಳೆದು ಎತ್ತಿದೆ.

ಬಾಗಿಲಲ್ಲಿ ಪಕ್ಕದ ಮನೆಯ ವೇದವತಿಯವರು ಸೀರೆ ಎತ್ತಿಕಟ್ಟಿಕೊಂಡು ನಿಂತಿದ್ದರು. ಎಲ್ಲರ ಹಾಗೆ ನಾನೂ ಅವರನ್ನು ವೇದಕ್ಕ ಎನ್ನುತ್ತೇನೆ.

“ಬೋರ್ಡು ನೀರಲ್ಲೇ ಇತ್ತಾ? ಹೆದರಬೇಡ ಮಾರಾಯ, ಕರೆಂಟ್ ತೆಗೆದಾಗಿದೆ.”

“ಯಾರ್ರೀ ತಗದವ್ರು? ನನಗ ಮೀಟಿಂಗ್ ಐತಿ.”

“ನಾನೇ. ನಾನಲ್ಲ, ನನ್ನದೊಂದು ಡಬ್ಬಿ ಉಂಟು.” ಅವರ ಕಣ್ಣು ತೇಲುತ್ತಿದ್ದ ಬಕೆಟ್ಟಿನ ಮೇಲೆ ಬಿತ್ತು. “ಬಕೆಟ್ ಎಂತಕ್ಕೆ, ನೀರು ಹೊರಗೆ ಹಾಕ್ಲಿಕ್ಕಾ?”

“ತುಂಬಿಸಾಕ.”

ವೇದಕ್ಕ ಬಕೆಟ್ಟನ್ನು ಹಿಡಿದು ಮಂಚದ ಮೇಲಿಟ್ಟರು. “ನಿನಗೆ ಆಫೀಸಲ್ಲಿ ಸಂಬಳ ಕೊಡ್ತಾರಾ?”

ಕೊಡುತ್ತಾರೆ. ಕಸ್ಬಾದ ಒಂದು ಕಚೇರಿಯಲ್ಲಿ ಕುಳಿತು, ಮನೆಗೆ ನೀರು ಹೊಕ್ಕು ಸಾಮಾನು ಹಾಳಾದವರಿಗೆ ವಿಮೆಯ ಹಣ ಏಕೆ ಸಿಗುವುದಿಲ್ಲ ಎಂದು ವಿನಯದಿಂದ ವಿವರಿಸುವುದು ನನ್ನ ಉದ್ಯೋಗ.

ವೇದಕ್ಕ ಉಡುಪಿಯ ಕಡೆಯವರು, ಮದುವೆಯಾಗಿ ಇಲ್ಲಿಗೆ ಬಂದವರು. ಗಂಡ ಕೃಷ್ಣರಾಜರದು ಸ್ಟೇಷನ್ ಹತ್ತಿರ ಸಣ್ಣ ಇಡ್ಲಿ ದೋಸೆಯ ಅಂಗಡಿ; ವಿದ್ಯಾರ್ಥಿಗಳು, ಮೇಷ್ಟರುಗಳು ಗಿರಾಕಿಗಳು. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ, ಹಾಗಾಗಿ ಹಿಟ್ಟು ರುಬ್ಬುವುದು ಮನೆಯಲ್ಲೇ. ಅದಕ್ಕೆಂದು ಊರಿನಿಂದ ರೈಲಿನಲ್ಲಿ ಹೌರಾಗೆ ತರಿಸಿಕೊಂಡ ದೊಡ್ಡ ಗ್ರೈಂಡರು ಅಡುಗೆಮನೆಯ ನೆಲದಲ್ಲಿ ಗಣಪತಿಯಂತೆ ಕೂತಿದೆ. ನೀರು ಬಂದಾಗ ಟಿವಿ ಎತ್ತಬಹುದು, ಹಾಸಿಗೆ ಎತ್ತಬಹುದು, ಅದನ್ನು ಎತ್ತಲಾಗದು. ಹಿಂದೊಮ್ಮೆ ವೇದಕ್ಕ ಉದ್ದಿನ ಬೇಳೆ ಹಾಕಿ, ಗ್ರೈಂಡರು ತಿರುಗುತ್ತಿರುವಾಗಲೇ ಕಾಯಿ ತುರಿಯಲು ಹಿಂದಿನ ಅಂಗಳಕ್ಕೆ ಹೋಗಿದ್ದರಂತೆ. ಚರಂಡಿಯ ನೀರು ಸದ್ದಿಲ್ಲದೆ ಒಳಬಂದು ಮೋಟಾರು ಸುಟ್ಟಿತು. ರಿಪೇರಿಯವನು ಸುರುಳಿ ಹೊಸದಾಗಿ ಸುತ್ತಿಕೊಟ್ಟು, ಇನ್ನೊಂದು ಸಲ ಸುಟ್ಟರೆ ನನ್ನ ಹತ್ತಿರ ತರಬೇಡಿ ಎಂದಿದ್ದ. ಆ ಮಾದರಿ ಈಗ ಮಾರುಕಟ್ಟೆಯಲ್ಲೇ ಇಲ್ಲ. ರಿಪೇರಿ ಮುಗಿಯುವವರೆಗೆ ಅಂಗಡಿ ಮುಚ್ಚಿತ್ತು.

ಅವರ ಮಗಳು ಪ್ರಣೀತಾ ಕಾಲೇಜಿನಲ್ಲಿ ಒಂದು ‘ಬುದ್ಧಿವಂತ ಕಸದ ಬುಟ್ಟಿ’ ಮಾಡಿದ್ದಳು. ತುಂಬಿದಾಗ ಫೋನಿಗೆ ಸಂದೇಶ ಕಳಿಸುವ ಬುಟ್ಟಿ. ಎರಡನೆಯ ಬಹುಮಾನ ಗಿಟ್ಟಿಸಿ ಅದು ಕಪಾಟಿನ ಮೇಲೆ ಧೂಳು ತಿನ್ನುತ್ತಿತ್ತು. ವೇದಕ್ಕ ಅದರ ಹೊಟ್ಟೆಯಿಂದ ಬೆರಳುದ್ದದ ಸರ್ಕ್ಯೂಟ್ ಕಿತ್ತು, ನೀರಿನ ಟ್ಯಾಂಕಿನ ತೇಲುಗುಂಡೊಂದನ್ನು ಜೋಡಿಸಿ, ಡಬ್ಬಿಯಲ್ಲಿಟ್ಟು ಗೇಟಿನ ಬಳಿ ಹೊಸ್ತಿಲ ಮಟ್ಟಕ್ಕೆ ಕಟ್ಟಿದರು.

“ಅಮ್ಮಾ, ದಟ್ ವಾಸ್ ಅ ಡಸ್ಟ್‌ಬಿನ್,” ಎಂದಳಂತೆ ಮಗಳು.

“ಈಗ ಬರೋದು ಎಂತ, ಗಂಗಾಜಲವಾ?”

ಮೊದಮೊದಲು ಆ ಡಬ್ಬಿ ಒಂದು ಹನಿ ನೀರಿಲ್ಲದಾಗಲೂ ಸಂದೇಶ ಕಳಿಸಿ ತಮಾಷೆ ಮಾಡುತ್ತಿತ್ತಂತೆ. ತಂತಿ ತಪ್ಪು, ಮತ್ತೆ ವಿಡಿಯೋ ನೋಡು, ಮತ್ತೆ ಬಿಡಿಭಾಗಕ್ಕೆಂದು ಚಾಂದನಿ ಮಾರ್ಕೆಟ್ಟಿಗೆ ಹೋಗು. ಕೊನೆಗೆ ಕಟ್ಟಡದ ಎಲೆಕ್ಟ್ರಿಷಿಯನ್‌ನನ್ನು ಕರೆಸಿ ನೆಲಮಹಡಿಯ ಮೇನ್ ಸ್ವಿಚ್ಚಿಗೆ ಜೋಡಿಸಿದರು. ಗುಂಡು ಎದ್ದರೆ ಸಂದೇಶ. ಸಂದೇಶದ ಹಿಂದೆಯೇ ಕರೆಂಟು ಕಡಿತ. ಮನೆಯವರಿಗಷ್ಟೇ ಆದ್ದರಿಂದ ಸಂದೇಶ ಕನ್ನಡದಲ್ಲಿತ್ತು. ಕನ್ನಡದ ಹುಡುಗ ಎಂದು ನನ್ನ ನಂಬರನ್ನೂ ಸೇರಿಸಿದ್ದರು. ಸೇರಿಸುವಾಗ ಎಲ್ಲ ವಿವರಿಸಿದ್ದರಂತೆ. ನಾನು ಆಗ ಇಡ್ಲಿ ತಿನ್ನುತ್ತಿದ್ದೆ.

ಬಕೆಟ್ಟಿನ ಪ್ರಕರಣ ಆಗಿ ಕೆಲವು ದಿನಗಳಿಗೆ ಡಬ್ಬಿಯ ಮಾನ ಹೋಯಿತು. ಮಳೆಯ ಸುಳಿವಿಲ್ಲದ ಒಂದು ಮಧ್ಯಾಹ್ನ ಯಾರೋ ಕುಡಿದು ಎಸೆದ ಎಳನೀರಿನ ಬುರುಡೆ ಗುಂಡಿನ ಕೆಳಗೆ ಹೋಗಿ ಸಿಕ್ಕಿಕೊಂಡು ಅದನ್ನು ಎತ್ತಿ ಹಿಡಿಯಿತು. ನೆಲಮಹಡಿ ಕತ್ತಲಾಯಿತು. ಇಡೀ ಕಟ್ಟಡದ ಪಂಪು ನಮ್ಮ ಲೈನಿನಲ್ಲೇ ಇತ್ತು. ನೀರು ಬಂತು ಎಂದು ಡಬ್ಬಿ ಸಾರಿದ್ದೇ ತಡ, ಮೇಲಿನ ಮನೆಗಳಿಗೆಲ್ಲ ನೀರು ನಿಂತಿತು. ಮೂರನೆಯ ಮಹಡಿಯ ಧ್ರುವಬಾಬು, ಕಟ್ಟಡದ ಕಾರ್ಯದರ್ಶಿ, ಮೈತುಂಬ ಸೋಪಿನೊಂದಿಗೆ ಟವೆಲು ಸುತ್ತಿಕೊಂಡು ಕೆಳಗಿಳಿದು ಬಂದರು. ಅವರಿಗೆ ವೇದಕ್ಕ ‘ಬೌದಿ’, ಅಂದರೆ ಅತ್ತಿಗೆ.

“ಬೌದಿ, ನಿಮ್ಮ ಡಬ್ಬಿ ಇರಬೇಕು ಇಲ್ಲವೇ ನನ್ನ ಸ್ನಾನ ಇರಬೇಕು. ಭಾನುವಾರ ಮೀಟಿಂಗ್.”

ವೇದಕ್ಕ ವಾದಕ್ಕೆ ಹೋಗಲಿಲ್ಲ. ಪಂಪನ್ನು ಬೇರೆ ಲೈನಿಗೆ ಹಾಕಿಸಿದರು. ಇನ್ನೊಂದು ಗುಂಡು ತಂದು ಮೆಟ್ಟಿಲ ಕೆಳಗೆ ಕಟ್ಟಿದರು. ಎರಡೂ ಎದ್ದರೆ ಮಾತ್ರ ಕರೆಂಟು ಹೋಗಬೇಕು. ಆದರೂ ಆ ವಾರ ಅವರ ಮುಖದಲ್ಲಿ ನಗು ಇರಲಿಲ್ಲ. ಮೀಟಿಂಗಿನಲ್ಲಿ ಬೇಡ ಎಂದರೆ ಡಬ್ಬಿ ಕಿತ್ತುಹಾಕಬೇಕು, ಆಮೇಲೆ ಒಂದು ದೊಡ್ಡ ಮಳೆ ಸಾಕು, ಗ್ರೈಂಡರಿನ ಜೊತೆ ಅಂಗಡಿಯೂ ಹೋಗುತ್ತದೆ.

ನನಗೂ ನಿದ್ದೆ ಸರಿಯಾಗಿರಲಿಲ್ಲ. ನೀರಿನಿಂದ ಆ ಬೋರ್ಡು ಎತ್ತಿದ ಕೈ ಆಗಾಗ ನೆನಪಾಗುತ್ತಿತ್ತು. ಈಗ ಈ ಕೈಯಲ್ಲೇ ಇದನ್ನೆಲ್ಲ ಬರೆಯುತ್ತಿದ್ದೇನೆ, ಅದೇ ಕೈಯಲ್ಲಿ ಅವರ ಮನೆಯ ದೋಸೆ ತಿನ್ನುತ್ತೇನೆ. ಧನ್ಯವಾದ ಎಂದರೆ ವೇದಕ್ಕ “ಎಂತಕ್ಕೆ?” ಎನ್ನುತ್ತಾರೆ, ಹಾಗಾಗಿ ಬಾಯಿಬಿಟ್ಟು ಹೇಳಿರಲಿಲ್ಲ. ಮೀಟಿಂಗಿನಲ್ಲಾದರೂ ಹೇಳೋಣ, ಅದೂ ಬಂಗಾಳಿಯಲ್ಲೇ ಹೇಳೋಣ ಎಂದು ಒಂದು ವಾಕ್ಯ ಬಾಯಿಪಾಠ ಮಾಡಿದೆ: ಇವರು ನನ್ನ ಪ್ರಾಣ ಉಳಿಸಿದ್ದಾರೆ.

ಭಾನುವಾರ ಎಲ್ಲರೂ ಮೆಟ್ಟಿಲ ಮೇಲೆ ಕುಳಿತರು. ವೇದಕ್ಕ ಒಂದು ಗುಂಡು ಎತ್ತಿ ತೋರಿಸಿದರು, ದೀಪ ಉರಿಯುತ್ತಲೇ ಇತ್ತು. ಎರಡನ್ನೂ ಎತ್ತಿಸಿದರು, ಆರಿತು. ಕೆಲವರು ತಲೆದೂಗಿದರು. ಧ್ರುವಬಾಬು ದೂಗಲಿಲ್ಲ. ಇದೇ ಸಮಯ ಎಂದು ನಾನು ಎದ್ದೆ.

“ಉನಿ ಆಮಾರ್ ಪ್ರಾಣ್ ಬೇಚೇಛೇನ್.”

ಉಳಿಸಿದ್ದಾರೆ ಎನ್ನಲು ‘ಬಾಂಚಿಯೇಛೇನ್’ ಎನ್ನಬೇಕಿತ್ತು. ನಾನು ಹೇಳಿದ್ದು, ಇವರು ನನ್ನ ಪ್ರಾಣ ಮಾರಿದ್ದಾರೆ ಎಂದು.

“ಎಷ್ಟಕ್ಕೆ?” ಎಂದರು ಧ್ರುವಬಾಬು.

ಮೆಟ್ಟಿಲ ಮೇಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನಗು ಮುಗಿದ ಮೇಲೆ ಪ್ರಣೀತಾ ನಾನು ಹೇಳಹೊರಟಿದ್ದನ್ನು, ಮುಳುಗಿದ ಬೋರ್ಡಿನ ಸಂಗತಿಯನ್ನು, ಸರಿಯಾದ ಬಂಗಾಳಿಯಲ್ಲಿ ಹೇಳಿದಳು. ಆಗ ಯಾರೂ ನಗಲಿಲ್ಲ.

ಡಬ್ಬಿ ಇವತ್ತಿಗೂ ಗೇಟಿನ ಬಳಿ ಇದೆ. ಸಂದೇಶ ಈಗ ಬಂಗಾಳಿಯಲ್ಲೂ ಬರುತ್ತದೆ, ಧ್ರುವಬಾಬುಗಳಿಗೂ ಹೋಗುತ್ತದೆ. ಆದರೆ ಆ ಹೊತ್ತಿಗೆ ಇನ್ನೂ ತೀರ್ಮಾನವಾಗಿರಲಿಲ್ಲ. ಧ್ರುವಬಾಬು ಕನ್ನಡಕ ತೆಗೆದು ಒರೆಸಿದರು.

“ಬೌದಿ, ಒಂದೇ ಪ್ರಶ್ನೆ. ಈ ಹುಡುಗ ಪ್ರಾಣ ಅಂತಾನೆ, ನಿಮ್ಮ ಮಗಳು ಪ್ರಾಣ ಅಂತಾಳೆ. ನೀವು ನಿಜ ಹೇಳಿ. ಇದನ್ನ ಮಾಡಿದ್ದು ನಮಗೋಸ್ಕರವೋ, ನಿಮ್ಮ ಗ್ರೈಂಡರಿಗೋಸ್ಕರವೋ?”

ನಮಗೋಸ್ಕರ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ವೇದಕ್ಕನ ಮುಖವನ್ನೇ ನೋಡಿದೆ.

“ಗ್ರೈಂಡರಿಗೆ,” ಎಂದರು ವೇದಕ್ಕ. “ಇವ ಅದೇ ಲೈನಲ್ಲಿದ್ದ, ಬದುಕಿದ.”